ಕಾರಿನ ಚಾವಣಿಗೆ 300 ವ್ಯಾಟ್ ಸೋಲಾರ್: ದಿನದ ಓಡಾಟಕ್ಕೆ ಸಾಕಾಗುತ್ತಾ?

ವಾಕಡ್ ವಾಸಿ:
30 ಯೂನಿಟ್ ಬ್ಯಾಟರಿಯ ಎಲೆಕ್ಟ್ರಿಕ್ ಕಾರು. ಪುಣೆಯಲ್ಲಿ ವಾಕಡ್‌ನಿಂದ ಹಿಂಜವಡಿಗೆ ಹೋಗಿಬರೋದು ಸೇರಿ ದಿನಕ್ಕೆ 22 ಕಿ.ಮೀ. ಬೆಳಗ್ಗೆ 9ರಿಂದ ಸಂಜೆ 6ರ ತನಕ ಕಾರು ಬಯಲಲ್ಲೇ ನಿಂತಿರುತ್ತೆ. ಸೊಸೈಟಿಯಲ್ಲಿ ಚಾರ್ಜಿಂಗ್ ಪಾಯಿಂಟಿಗೆ ಇನ್ನೂ ಒಪ್ಪಿಗೆ ಸಿಕ್ಕಿಲ್ಲ. ಚಾವಣಿಗೆ 100 ವ್ಯಾಟಿನ ಮೂರು ಬಾಗುವ ಪ್ಯಾನೆಲ್ ಅಂಟಿಸಿದರೆ ಎಷ್ಟು ಕಿ.ಮೀ. ಸಿಗುತ್ತೆ? ಚಾರ್ಜಿಂಗ್ ಪೋರ್ಟಿಗೆ ನೇರವಾಗಿ ಕೊಡಬಹುದಾ? ದಯವಿಟ್ಟು ಲೆಕ್ಕ ಸಮೇತ ಹೇಳಿ.

ಮೀಟರ್ ಮಾಸ್ತರ:
ಕಾರಿನ ಬ್ಯಾಟರಿಗೆ ಪೂರ್ತಿ ಸೇರಿದರೂ 8 ಕಿ.ಮೀ. ಅಷ್ಟೇ.

ಪುಣೆಯಲ್ಲಿ ಸಮತಟ್ಟಾದ ಜಾಗದ ಮೇಲೆ ವರ್ಷದ ಸರಾಸರಿ ಬಿಸಿಲು ದಿನಕ್ಕೆ ಚದರ ಮೀಟರಿಗೆ 5 ಯೂನಿಟ್ ಚಿಲ್ಲರೆ. ಆ ಲೆಕ್ಕದಲ್ಲಿ 300 ವ್ಯಾಟ್ ಅಂದರೆ 1.5 ಯೂನಿಟ್. ಆದರೆ ಪ್ಯಾನೆಲ್ ಮೇಲೆ ಬರೆದಿರೋ ವ್ಯಾಟ್, ಸೆಲ್ 25 ಡಿಗ್ರಿಯಲ್ಲಿದ್ದಾಗಿನದು. ತಗಡಿಗೆ ಅಂಟಿಸಿದ ಪ್ಯಾನೆಲಿಗೆ ಕೆಳಗಿಂದ ಗಾಳಿ ಆಡಲ್ಲ, ಏಪ್ರಿಲ್ ಮಧ್ಯಾಹ್ನ 70 ಡಿಗ್ರಿ ಮುಟ್ಟುತ್ತೆ. ಪ್ರತಿ ಡಿಗ್ರಿಗೆ ಶೇ. 0.35ರಷ್ಟು ಇಳಿದರೆ ಅಲ್ಲೇ ಶೇ. 15 ಹೋಯಿತು. ಧೂಳು, ಕಂಟ್ರೋಲರಿನ (ಪ್ಯಾನೆಲಿನಿಂದ ಬ್ಯಾಟರಿಗೆ ಹೋಗೋ ಕರೆಂಟನ್ನು ಹದದಲ್ಲಿಡೋ ಪೆಟ್ಟಿಗೆ) ನಷ್ಟ ಸೇರಿಸಿ, ಉಳಿಯೋದು 1.1 ಯೂನಿಟ್. ಕಿ.ಮೀ.ಗೆ 140 ವ್ಯಾಟ್-ಅವರ್ (0.14 ಯೂನಿಟ್) ಹಿಡಿದರೆ 8 ಕಿ.ಮೀ. ಆಷಾಢ, ಶ್ರಾವಣದ ಮೋಡದಲ್ಲಿ ಅದೂ ಇಲ್ಲ.

ಇನ್ನೊಂದು ಲೆಕ್ಕ ಬಹಳ ಜನ ಮರೆಯುತ್ತಾರೆ. ಬಿಸಿಲಲ್ಲಿ ಕಾದ ಕಾರನ್ನು ತಣ್ಣಗೆ ಮಾಡೋಕೆ ಮೊದಲ ಕಾಲು ಗಂಟೆ ಎ.ಸಿ. ಸುಮಾರು 0.4 ಯೂನಿಟ್ ತಿನ್ನುತ್ತೆ. ಪಕ್ಕದಲ್ಲೇ ನೆರಳಿದ್ದರೂ ಪ್ಯಾನೆಲಿಗೋಸ್ಕರ ಬಿಸಿಲಲ್ಲಿ ನಿಲ್ಲಿಸಿದರೆ ಗಳಿಕೆಯ ಮೂರನೇ ಒಂದು ಪಾಲು ಹೀಗೇ ಹೋಗುತ್ತೆ.

ಕಂಪನಿಯಿಂದಲೇ ಬರೋ ಸೋಲಾರ್ ಕಾರಿನ ಅಂಕಿ ನೋಡಿ. 2025ರ ಜನವರಿಯಲ್ಲಿ ದೆಹಲಿಯ ಭಾರತ್ ಮೊಬಿಲಿಟಿ ಪ್ರದರ್ಶನದಲ್ಲಿ ಬಂದ, ನಮ್ಮ ಪುಣೆಯದ್ದೇ ಆದ ವೇವ್ ಇವಾ, ಸೋಲಾರಿನಿಂದ ವರ್ಷಕ್ಕೆ 3,000 ಕಿ.ಮೀ. ತನಕ ಅನ್ನುತ್ತೆ. ದಿನಕ್ಕೆ 8 ಚಿಲ್ಲರೆ, ಅದೂ ಪುಟ್ಟ ಹಗುರ ಕಾರಿನಲ್ಲಿ. ದಿನಕ್ಕೆ 70 ಕಿ.ಮೀ. ತನಕ ಅಂದಿದ್ದ ಲೈಟ್‌ಇಯರ್ 0 ಕಾರಿಗೆ 5 ಚದರ ಮೀಟರ್ ಪ್ಯಾನೆಲ್ ಬೇಕಾಯಿತು. 2023ರ ಜನವರಿಯಲ್ಲಿ ತಯಾರಿಕೆಯೇ ನಿಂತಿತು.

ಇನ್ವರ್ಟರ್ ಬಲ್ಲವ:
ಪೋರ್ಟಿಗೆ ನೇರವಾಗಿ ಕೊಡೋಕೆ ಆಗಲ್ಲ ಸರ್. ಎ.ಸಿ. (ಮನೆಗೆ ಬರೋ ಪರ್ಯಾಯ ಕರೆಂಟು) ಚಾರ್ಜಿಂಗ್ ಪದ್ಧತಿಯಲ್ಲಿ 6 ಆಂಪಿಯರಿಗಿಂತ ಕೆಳಗೆ ಇಲ್ಲ. 230 ವೋಲ್ಟಿಗೆ ಅದು 1380 ವ್ಯಾಟ್, ನಿಮ್ಮ ಹತ್ತಿರ ಇರೋದು 300. ಹಾಗಾಗಿ ನಡುವೆ ಒಂದು ಬ್ಯಾಟರಿ ಬೇಕೇ ಬೇಕು.

48 ವೋಲ್ಟ್ ಬ್ಯಾಟರಿ ತಗೋಬೇಡಿ. 18 ವೋಲ್ಟಿನ ಮೂರು ಪ್ಯಾನೆಲ್ ಸೀರೀಸಿನಲ್ಲಿ (ಒಂದಕ್ಕೊಂದು ಸಾಲಾಗಿ ಜೋಡಿಸಿದರೆ) 54 ವೋಲ್ಟ್, ಕಾದಾಗ 46-47ಕ್ಕೆ ಇಳಿಯುತ್ತೆ. 48 ವೋಲ್ಟಿನ ಎಲ್‌ಎಫ್‌ಪಿ (ಒಂದು ಬಗೆಯ ಲಿಥಿಯಂ) ಬ್ಯಾಟರಿ ತುಂಬೋಕೆ 57ರ ಆಸುಪಾಸು ಬೇಕು, ಸಾಮಾನ್ಯ ಎಂಪಿಪಿಟಿ (ಪ್ಯಾನೆಲಿನಿಂದ ಆದಷ್ಟು ಹೆಚ್ಚು ವಿದ್ಯುತ್ ಪಡೆಯೋ ಕಂಟ್ರೋಲರ್) ವೋಲ್ಟೇಜ್ ಇಳಿಸುತ್ತೆ ಹೊರತು ಏರಿಸಲ್ಲ. 24 ವೋಲ್ಟ್ 100 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಸರಿ. ಜೊತೆಗೆ 2 ಕಿಲೋವ್ಯಾಟಿನ ಪ್ಯೂರ್ ಸೈನ್ (ಮನೆ ಕರೆಂಟಿನಂಥ ನಯವಾದ ಅಲೆ ಕೊಡೋ) ಇನ್ವರ್ಟರ್. 24 ವೋಲ್ಟ್ ಕಡೆ 65 ಆಂಪಿಯರ್ ಹರಿಯುತ್ತೆ. 25 ಚದರ ಮಿ.ಮೀ. ತಾಮ್ರದ ಕೇಬಲ್, ಬ್ಯಾಟರಿ ಪಕ್ಕದಲ್ಲೇ 100 ಆಂಪಿಯರ್ ಫ್ಯೂಸ್ ಹಾಕಲೇಬೇಕು. ನಿಮ್ಮ ಪೋರ್ಟಬಲ್ ಚಾರ್ಜರಿನಲ್ಲಿ 6 ಆಂಪಿಯರಿಗೆ ಇಳಿಸೋ ಆಯ್ಕೆ ಇದೆಯಾ ಮೊದಲು ನೋಡಿ. ಇಲ್ಲದಿದ್ದರೆ ಅದು 2-3 ಕಿಲೋವ್ಯಾಟ್ ಎಳೆದು ಇನ್ವರ್ಟರ್ ಟ್ರಿಪ್ ಆಗುತ್ತೆ.

ಎಲ್ಲಾ ಸರಿಯಾಗಿ ಜೋಡಿಸಿದ ಮೇಲೂ ಚಾರ್ಜರಿನಲ್ಲಿ ಅರ್ಥ್ ಫಾಲ್ಟಿನ ಕೆಂಪು ದೀಪ ಬರಬಹುದು. ಕಾರಣ, ಇನ್ವರ್ಟರಿನ ನ್ಯೂಟ್ರಲ್ ಅರ್ಥಿಗೆ ಸೇರಿರಲ್ಲ. ಆ ಜೋಡಣೆಯನ್ನು ತಿಳಿದ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಡಿಕ್ಕಿಯ ಸೆಕೆಗೆ ಬ್ಯಾಟರಿಯ ಬಿಎಂಎಸ್ (ಬ್ಯಾಟರಿಯನ್ನು ಕಾಯೋ ಸರ್ಕ್ಯೂಟ್) ಚಾರ್ಜಿಂಗ್ ನಿಲ್ಲಿಸೋದೂ ಉಂಟು. ಬ್ಯಾಟರಿ, ಇನ್ವರ್ಟರ್, ಕಾರಿನ ಒಳಗಿನ ಚಾರ್ಜರ್ ದಾಟಿ ಕೊನೆಗೆ ಸೇರೋದು 0.8 ಯೂನಿಟ್, ಅಂದರೆ 6 ಕಿ.ಮೀ. ಇಷ್ಟಕ್ಕೆ ಡಿಕ್ಕಿಯಲ್ಲಿ 25 ಕಿಲೋ ಭಾರ. ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲಿಗೆ ಮಾತ್ರ ಯಾರು ಹೇಳಿದರೂ ಕೈ ಹಾಕಬೇಡಿ, ಪ್ರಾಣ ಹೋಗುತ್ತೆ.

ಧಾರವಾಡ ಪೇಢಾ:
ಅಂಟಿಸೂದರ ಬಗ್ಗೆ ನಾ ಹೇಳ್ತೀನ್ರಿ. ಕಾರಿನ ಚಾವಣಿ ಬಾಗಿರತೈತಿ, ಮುಂದಿನ ಪ್ಯಾನೆಲಿಗೆ ಬಿದ್ದಷ್ಟು ಬಿಸಿಲು ಹಿಂದಿನದಕ್ಕ ಬೀಳೂದಿಲ್ಲ. ಸೀರೀಸಿನ್ಯಾಗ ಕರೆಂಟು ಎಲ್ಲಾಕಿಂತ ಕಡಿಮಿ ಬಿಸಿಲು ಬಿದ್ದ ಸೆಲ್ಲಿನ ಲೆಕ್ಕಕ್ಕ ಇಳೀತೈತಿ. ಮಳಿ ನಿಂತ ಮ್ಯಾಲ ಒಂದ ಒಂದು ಬಾದಾಮಿ ಎಲಿ ತೊಯ್ದು ಸೆಲ್ಲಿಗೆ ಹತ್ತಿಕೊಂಡು ಕುಂತ್ರ ಅರ್ಧ ಪ್ಯಾನೆಲ್ ಸತ್ತಂಗ. ಪಾರಿವಾಳದ ಹಿಕ್ಕಿನೂ ಹಂಗ. ಅದರ ಕೆಳಗಿನ ಸೆಲ್ ಕಾದು ಕಂದು ಕಲಿ ಬೀಳತೈತಿ, ಆಮ್ಯಾಲ ಒರೆಸಿದ್ರೂ ಹೋಗೂದಿಲ್ಲ. ಅಂಟು ಕಿತ್ತಿದ್ರ ಪೇಂಟೂ ಬರತೈತಿ. ವಿಮಾ ಕಂಪನಿಗೂ ಮೊದಲ ತಿಳಿಸ್ಬೇಕು, ಇಲ್ಲಾಂದ್ರ ಕ್ಲೇಮಿನ್ಯಾಗ ತಕರಾರು.

ಆ ರೊಕ್ಕಾ ಸೊಸೈಟಿ ಮಾಳಿಗಿ ಮ್ಯಾಲ ಹಾಕ್ರಿ. 1 ಕಿಲೋವ್ಯಾಟಿಗೆ 10 ಚದರ ಮೀಟರ್ ಜಾಗಾ, ದಿನಕ್ಕ 4 ಯೂನಿಟ್. ನಿಮ್ಮ 22 ಕಿ.ಮೀ.ಗೆ 3 ಚಿಲ್ಲರೆ ಸಾಕು. ಪಿಎಂ ಸೂರ್ಯಘರ್ ಯೋಜನಾದಾಗ ಸೊಸೈಟಿಯ ಸಾಮಾನ್ಯ ಬಳಕಿಗೆ, ಇವಿ ಚಾರ್ಜಿಂಗೂ ಸೇರಿ, ಕಿಲೋವ್ಯಾಟಿಗೆ 18,000 ರೂಪಾಯಿ ಸಬ್ಸಿಡಿ ಐತಿ. ಸಭಾದಾಗ ಇದನ್ನ ಮುಂದ ಇಡ್ರಿ, ಚಾರ್ಜಿಂಗ್ ಪಾಯಿಂಟಿನ ಮಾತೂ ಅದರ ಜೊತಿ ಮುಗೀತೈತಿ.

ವಾಕಡ್ ವಾಸಿ:
ಎಲ್ಲರಿಗೂ ಧನ್ಯವಾದ. ಚಾವಣಿ ಯೋಚನೆ ಬಿಟ್ಟೆ. 12 ವೋಲ್ಟಿನ ಸಣ್ಣ ಬ್ಯಾಟರಿಗೆ 50 ವ್ಯಾಟ್ ಹಾಕಿದರೆ? ಊರಿಗೆ ಹೋದಾಗ ಮೂರು ವಾರ ಕಾರು ನಿಂತಿರುತ್ತೆ.

ಇನ್ವರ್ಟರ್ ಬಲ್ಲವ:
ಅದು ಒಳ್ಳೆ ಉಪಯೋಗ. 12 ವೋಲ್ಟ್ ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಏಳಲ್ಲ. ಪ್ಯಾನೆಲನ್ನು ಒಳಗಿಂದ ಮುಂದಿನ ಗಾಜಿಗೆ ಒರಗಿಸಿಟ್ಟರೂ ಸಾಕು. ಲೆಡ್-ಆಸಿಡ್ ಆದರೆ ಕಂಟ್ರೋಲರಿನಲ್ಲಿ ತುಂಬೋಕೆ 14.4, ಫ್ಲೋಟ್ (ತುಂಬಿದ ಮೇಲೆ ಹಾಗೇ ಕಾಯೋಕೆ) 13.6 ವೋಲ್ಟ್ ಇಡಿ. ಪಾಸಿಟಿವ್ ತುದಿ ಹತ್ತಿರ 10 ಆಂಪಿಯರ್ ಫ್ಯೂಸ್. ನೆಗೆಟಿವ್ ತಂತಿಯನ್ನು ಬ್ಯಾಟರಿಯ ಕರೆಂಟ್ ಅಳೆಯೋ ಸೆನ್ಸರ್ ಇರೋ ಟರ್ಮಿನಲಿಗೆ ಬೇಡ, ಬಾಡಿಯ ಅರ್ಥ್ ಬೋಲ್ಟಿಗೆ ಹಾಕಿ. ಮೊದಲು ಬ್ಯಾಟರಿ ಜೋಡಿಸಿ, ಆಮೇಲೆ ಪ್ಯಾನೆಲ್. ತೆಗೆಯುವಾಗ ಪ್ಯಾನೆಲ್ ಮೊದಲು.