ಮುಳ್ಳು ನೋಡಿ ಎವರೇಜ್ ಹೇಳಬ್ಯಾಡ್ರಿ

ಹಾಂ, ಈ ವಾಯ್ಸ್ ಮೆಸೇಜಿನ ಬಟನ್ ಒತ್ತಿ ಹಿಡ್ಕೊಂಡೇ ಮಾತಾಡಬೇಕು, ಬಿಟ್ರ ಅರ್ಧಕ್ಕೇ ಹೋಗಿಬಿಡ್ತದ. ಸಂಗೀತಾ, ನಿನ್ನ ಮೆಸೇಜ್ ಮುಂಜಾನೇನೇ ನೋಡೀನವ್ವಾ. ಅಳಿಯಂದ್ರು ಸೋಮವಾರ ಸ್ಕಾರ್ಪಿಯೋ-ಎನ್ ಬುಕ್ ಮಾಡ್ತೀನಿ ಅಂತ ಕುಂತಾರ, ನಿನಗ ಬ್ರೆಜಾ ಸಾಕನಸ್ತದ, ದಿನಾ ಕಲಬುರ್ಗಿಲಿಂದ ಸೇಡಂಕ್ಕ ಹೋಗಿ ಬರೋರಿಗೆ ದೊಡ್ಡ ಗಾಡಿ ಪಗಾರೆಲ್ಲ ಕುಡದುಬಿಡ್ತದೇನೋ ಅಂತ ಅಂಜಿಕಿ. "ದೊಡ್ಡವ್ವಾ, ಯಾವುದು ಎಷ್ಟು ಎವರೇಜ್ ಕೊಡ್ತದ, ನೀವೇ ಹೇಳ್ರಿ" ಅಂದಿ. ಕೆಳಗ ಹುಡುಗ್ರು ಹಾಕಿದ್ದೂ ನೋಡೀನಿ. ಒಬ್ಬ ಲೀಟರಿಗಿ 18 ಕಿಲೋಮೀಟರ್ ಅಂತಾನ, ಒಬ್ಬ 8 ಅಂತಾನ. ನಮ್ಮ ಚಂದ್ರೂ ಅಂತೂ "ಟಾಕಿ ಫುಲ್ ಮಾಡಿಸಿದ್ರ ವಾರಗಟ್ಲೆ ಮುಳ್ಳು ಇಳ್ಯಂಗಿಲ್ಲ ಅಕ್ಕಾ" ಅಂತ ಬರ್ದಾನ. ಅದನ್ನ ಓದಿದ ಕೂಡ್ಲೇ ನನ್ನ ತಲಿ ತಿರಗ್ತು. ಅದಕ್ಕೇ ಒಲಿ ಮ್ಯಾಲಿಂದು ಹಂಚು ಇಳಿಸಿ ಕುಂತೀನಿ.

ಇದೇ ಮಾತು, ಬರೋಬ್ಬರಿ ಇದೇ ಮಾತು ನಿಮ್ಮ ದೊಡ್ಡಪ್ಪ ಅಂತಿದ್ರು. ಆ ಬಿಳಿ ದೊಡ್ಡ ಗಾಡಿ ನಿಮಗೆಲ್ಲಾ ನೆನಪದಲ್ಲ, ಸೆಕೆಂಡ್ ಹ್ಯಾಂಡ್ ತಂದಿದ್ದು, ಏಳು ಸೀಟಿಂದು. ಯಾವ ಕಂಪನಿದು ಅಂತ ಹೇಳಂಗಿಲ್ಲ, ಗಾಡೀದು ಏನೂ ತಪ್ಪಿದ್ದಿಲ್ಲ. ಅದಕ್ಕ ಮೊದಲು ಸಣ್ಣ ಕಾರಿತ್ತು, ಅದರ ಟಾಕಿ 35 ಲೀಟರಿಂದು. ದೊಡ್ಡದ್ರದ್ದು 60. ಒಂದೇ ದಾರಿ ಹೋಗಿ ಬಂದ್ರ ಸಣ್ಣದ್ರದ್ದು ಮುಳ್ಳು ಸರ್ರನ ಇಳೀತಿತ್ತು, ಇದರದ್ದು ಅಲುಗಾಡ್ತಿದ್ದಿಲ್ಲ. ಅಷ್ಟಕ್ಕೇ ನಮ್ಮನಿಯವರು ಸೂಪರ್ ಮಾರ್ಕೆಟ್‌ನಾಗ ಕಂಡ ಕಂಡವರಿಗೆಲ್ಲ "ದೊಡ್ಡದು ಸಣ್ಣದಕ್ಕಿಂತ ಛಲೋ ಎವರೇಜ್ ಕೊಡ್ಲಾಕತ್ತದ" ಅಂತ ಹೇಳ್ಕೋತ ಅಡ್ಡಾಡಿದ್ರು. ಟಾಕಿ ದೊಡ್ಡದಿದ್ರ ಮುಳ್ಳು ತಡಾ ಮಾಡೇ ಇಳೀತದ, ಅದರಾಗ ಎವರೇಜ್ ಎಲ್ಲಿಂದ ಬಂತು? ನಾ ಸಾಲ್ಯಾಗ ಗಣಿತ ಹೇಳಿದಾಕಿ, ನಾ ಹೇಳಿದ್ರ "ನಿನಗ ಗಾಡಿ ತಿಳ್ಯಂಗಿಲ್ಲ" ಅಂತಿದ್ರು.

ಆಮ್ಯಾಲ ಪೂರ್ಣಿಮಾನ ನಿಶ್ಚಯ ಬಂತು, ಸೊಲ್ಲಾಪುರದಾಗ. ಮೇ ತಿಂಗಳು, ನಮ್ಮ ಕಡಿ ಬಿಸಲು ಗೊತ್ತೇ ಅದ. ಏಳು ಸೀಟಿನಾಗ ದೊಡ್ಡವರೇ ಎಂಟು ಮಂದಿ, ಮತ್ ತೊಡಿ ಮ್ಯಾಲ ಹುಡುಗ್ರು. ಮ್ಯಾಲ ಕ್ಯಾರಿಯರಿನಾಗ ಆಹೇರಿ ಗಂಟು, ಹಣ್ಣಿನ ಬುಟ್ಟಿ, ಕರ್ಚಿಕಾಯಿ ಡಬ್ಬಿ, ಅದಕ್ಕೆಲ್ಲ ತಾಡಪತ್ರಿ ಹೊಚ್ಚಿ ಹಗ್ಗ ಬಿಗದಿದ್ರು. ಏಸಿ ಫುಲ್. ಮುಹೂರ್ತಕ್ಕ ತಡಾ ಆಗ್ಯದಂತ 100ರ ಕೆಳಗ ಇಳೀಲಿಲ್ಲ. ಆಳಂದದಾಗ ಪಂಪ್ ಬಂತು, ಹಾಕ್ಸ್ರಿ ಅಂದೆ. "ಮುಳ್ಳು ಇನ್ನೂ ಪಾವಿನ ಮ್ಯಾಲದ, ಅಕ್ಕಲಕೋಟದಾಗ ನೋಡಮು" ಅಂದ್ರು. ವಾಗ್ದರಿ ದಾಟಿ ಜರಾ ದೂರ ಹೋಗೂದ್ರಾಗ ಗಾಡಿ ಮೂರ್ನಾಕು ಜಿಗತ ಜಿಗದು ನಿಂತೇ ಬಿಡ್ತು.

ಡೀಜಲ್ ಗಾಡಿ ಖಾಲಿ ಆದ್ರ ಏನಾಗ್ತದ ಅಂತ ಅವತ್ತೇ ನೋಡಿದ್ದು ನಾ. ಯಾರೋ ಪುಣ್ಯಾತ್ಮ ಬೈಕ್ ಮ್ಯಾಲ ಕ್ಯಾನಿನಾಗ ಡೀಜಲ್ ತಂದ. ಹಾಕಿದ್ವಿ, ಚಾಲೂ ಆಗವಲ್ತು! ಪೈಪಿನಾಗ ಗಾಳಿ ಹೊಕ್ಕಿತ್ತು. ಹಾದಿಲೇ ಹೊಂಟಿದ್ದ ಟ್ರ್ಯಾಕ್ಟರ್ ಹುಡುಗ ಇಳದು ಬಂದು ಬಾನೆಟ್ ಎತ್ತಿದ. ಫಿಲ್ಟರ್ ಮ್ಯಾಲ ಕೈಲೇ ಒತ್ತೋ ಒಂದು ಸಣ್ಣ ಪಂಪಿರ್ತದ, ಒಂದು ನಟ್ ಸಡ್ಲ ಮಾಡಿ ಅದನ್ನ ಒತ್ತಿದ, ಒತ್ತಿದ. ಮೊದಲು ಬರೇ ಬುಳ್ಳಬುಳ್ಳ ನೊರಿ ಬಂತು. ಆಮ್ಯಾಲ ನೊರಿ ನಿಂತು ಎಳಿ ಎಳಿಯಾಗಿ ಡೀಜಲ್ ಬಂತು. ಆಗ "ಈಗ ಹಚ್ರಿ ಕಾಕಾ" ಅಂದ. ಅವನ ಕೈಯಾಗಿನ ಡೀಜಲ್ ಒರಸ್ಲಿಕ್ಕ ನಿಮ್ಮ ದೊಡ್ಡಪ್ಪ ಕೊಟ್ಟಿದ್ದು ನನ್ನ ಹೊಸಾ ಟಾವೆಲ್, ಇರ್ಲಿ ಬಿಡು. ಇಲಕಲ್ ಸೀರಿ ಉಟ್ಟು ಬ್ಯಾಲಿ ಗಿಡದ ನೆಳ್ಳಾಗ ಕುಂತು, ಪೌಡರೆಲ್ಲ ಬೆವರಾಗಿ ನಾವು ಸೊಲ್ಲಾಪುರ ಮುಟ್ಟೂದ್ರಾಗ ಬೀಗರ ಮಂದಿ ಉಂಡು ಎದ್ದಿದ್ರು. ಪೂರ್ಣಿಮಾನ ಅತ್ತಿ ಇವತ್ತಿಗೂ ಆಡ್ಕೋತಾಳ, "ಡೀಜಲಿಗ ರೊಕ್ಕ ಇದ್ದಿಲ್ಲೇನೋ" ಅಂತ. ಅದಕ್ಕ ಹೇಳ್ತೀನಿ, ಮುಳ್ಳು ನೋಡಿ ಎವರೇಜ್ ಹೇಳಬ್ಯಾಡ್ರಿ.

ಅವತ್ತಿನಿಂದ ಡೀಜಲ್ ಲೆಕ್ಕದ ವಹಿ ನನ್ನ ಕೈಯಾಗೇ ಬಂತು. ಒಬ್ಬರೇ ಸಾವಕಾಶ ಹೋದ್ರ 12 ಕೊಡೋ ಗಾಡಿ ಆ ದಿನ 9 ಸುದ್ದಾ ಕೊಟ್ಟಿದ್ದಿಲ್ಲ. ಯಾಕ? ಗಾಡಿ ಎತ್ತರ, ಅಗಲ, ಅದರ ಮ್ಯಾಲ ಕ್ಯಾರಿಯರ್. ಜೋರು ಗಾಳ್ಯಾಗ ಕೌದಿ ಹಿಡ್ಕೊಂಡು ಓಡಿದಂಗ ಅದು. ಸ್ಪೀಡು 80ರಿಂದ 100ಕ್ಕ ಏರಿದ್ರ ಗಾಳಿ ಒತ್ತು ಒಂದೂವರಿ ಪಟ್ಟು ಮ್ಯಾಲಾಗ್ತದ, ಯಾಕಂದ್ರ ಅದು ಸ್ಪೀಡಿನ ವರ್ಗದ ಲೆಕ್ಕದಾಗ ಬೆಳೀತದ. ಸ್ಕಾರ್ಪಿಯೋ-ಎನ್ ಎತ್ತರ 1857 ಮಿಲಿಮೀಟರ್, ಬ್ರೆಜಾ 1685. ಅದು ಎರಡು ಟನ್ನಿನ ಹತ್ರ ತೂಗ್ತದ, ಇದು ಒಂದೂಕಾಲಿನ ಒಳಗ. ತೂಕ ಊರಾಗ ತಿಂತದ, ಪ್ರತೀ ಸಿಗ್ನಲ್‌ಕ್ಕ ನಿಂತು ಎಬ್ಬಸಬೇಕಲ್ಲ. ಎತ್ತರ ಹೈವೇದಾಗ ತಿಂತದ.

ಚಂದ್ರೂ, ನೀನೂ ಕೇಳು. ಸ್ಕಾರ್ಪಿಯೋ-ಎನ್ ಟಾಕಿ 57 ಲೀಟರ್, ಬ್ರೆಜಾದು 48, ಫಾರ್ಚೂನರಿಂದಂತೂ 80. ಫಾರ್ಚೂನರ್ ಇದ್ದವರು "ಒಮ್ಮೆ ತುಂಬಿಸಿದ್ರ ಹೈದ್ರಾಬಾದ್ ಹೋಗಿ ಬಂದು ಮತ್ ಹೋಗಬಹುದು" ಅಂದ್ರ ಅದು ಟಾಕೀದು ದೊಡ್ಡಸ್ತಿಕಿ, ಇಂಜಿನ್ನಿಂದಲ್ಲ. ಇನ್ನೊಮ್ಮೆ ಹೇಳ್ತೀನಿ, ಮುಳ್ಳು ನೋಡಿ ಎವರೇಜ್ ಹೇಳಬ್ಯಾಡ್ರಿ. ಭಾಳ ಗಾಡಿಗೊಳದಾಗ ಮ್ಯಾಲಿನ ಅರ್ಧ ಸಾವಕಾಶ ಇಳೀತದ, ಕೆಳಗಿನ ಅರ್ಧ ಕಣ್ಮುಚ್ಚಿ ತೆರೆಯೂದ್ರಾಗ ಹೋಗ್ತದ. ನಾವು ಆಳಂದ ದಾಟಿದ್ದು ಆ ಕೆಳಗಿನ ಅರ್ಧದಾಗ.

ಮತ್ ಏಳು ಸೀಟಿಂದು ಇನ್ನೊಂದು ರಗಳಿ ಅದ, ಅದನ್ನ ಯಾರೂ ಕಾಗದದಾಗ ಬರಿಯಂಗಿಲ್ಲ. ಏಳು ಸೀಟಿನ ಗಾಡಿ ಅಂದ್ರ ಅದು ನಿಮ್ಮನಿದಲ್ಲ, ಮಂದೀದು. ಹುಣ್ಣಿವಿ ಬಂದ್ರ ಗಾಣಗಾಪುರ, ಶ್ರಾವಣ ಬಂದ್ರ ಹುಮನಾಬಾದ ವೀರಭದ್ರಪ್ಪ, ಯಾರದ್ದೋ ಕನ್ಯಾ ನೋಡ್ಲಿಕ್ಕ ಬಸವಕಲ್ಯಾಣ, ಯಾರನ್ನೋ ದವಾಖಾನಿಗಿ ಸೊಲ್ಲಾಪುರ. "ವೈನಿ, ಜರಾ ಗಾಡಿ ಕೀಲಿ ಕೊಡ್ರಿ." ಕೊಟ್ಟೆ. ಒಬ್ಬರರೇ ಡೀಜಲ್ ಹಾಕ್ಸಿ ತಂದು ಬಿಟ್ರೇನು? ಕೆಂಪು ಲೈಟ್ ಹತ್ತಿದ ಮ್ಯಾಲೇ ನಮ್ಮ ಅಂಗಳಕ್ಕ ತಂದು ನಿಂದ್ರಸ್ತಿದ್ರು. ಸೀಟಿನ ಸಂದ್ಯಾಗ ಚುರುಮುರಿ, ಪ್ರಸಾದದ ಕೊಬ್ಬರಿ ಚೂರು, ಹುಡುಗ್ರ ಒಂದೊಂದೇ ಚಪ್ಪಲಿ. ಅದೇ ಮಂದಿ ಹೋದ ವರ್ಷ ರಿಂಗ್ ರೋಡಿನ ಕಡಿ ಹೊಸಾ ಮನಿ ಕಟ್ಟಿ ವಾಸ್ತು ಮಾಡಿದ್ರು. ನನ್ನ ಮೊಣಕಾಲು ನೋವು ಅವರಿಗೆ ಗೊತ್ತಿತ್ತು. ಮೂರು ಗಾಡಿ ಅಂಗಳದಾಗ ನಿಂತಿದ್ವು. ಕರೀಲಿಕ್ಕ ಒಂದು ಗಾಡಿ ಕಳಿಸಬೇಕೋ ಬ್ಯಾಡೋ? "ಆಟೋ ಮಾಡ್ಕೊಂಡು ಬರ್ರಿ ವೈನಿ" ಅಂತ ಫೋನಿನಾಗ ಹೇಳಿದ್ರು. ಆಟೋದಾಗೇ ಹೋದೆ, ಉಡುಗೊರಿ ಕೊಟ್ಟೆ, ಸಾರು ಉಪ್ಪಿತ್ತು, ಬಂದೆ. ಹೆಸರು ಹೇಳಂಗಿಲ್ಲ. ಈ ಗ್ರೂಪಿನಾಗೇ ಅದಾರ, ಕೇಳಸ್ಕೊಳ್ಳಲಿ.

ಏನ್ರೀ? ನಿಮ್ಮ ದೊಡ್ಡಪ್ಪ ಒಳಗಿಂದ ಕೂಗ್ಲಾಕತ್ತಾರ, "ಅಕಿ ಕೇಳಿದ್ದೇನು, ನೀ ಹೇಳೋದೇನು" ಅಂತ.

ಹೌದವ್ವಾ, ನಿನ್ನ ಲೆಕ್ಕ ಉಳೀತು. ಪೆನ್ ತಗೋ. ಸೇಡಂಕ್ಕ ಹೋಗಿ ಬಂದು ದಿನಾ 100 ಕಿಲೋಮೀಟರ್ ಹಿಡಿ, ತಿಂಗಳಿಗ 2500. ಪೆಟ್ರೋಲ್ 100 ರೂಪಾಯಿ, ಡೀಜಲ್ 90 ಹಿಡಿ, ಲೆಕ್ಕಕ್ಕ ಸಸಾರ. ದೊಡ್ಡ ಗಾಡಿ ಡೀಜಲ್ ನಮ್ಮ ರಸ್ತಾದಾಗ 12 ಕೊಟ್ರ 208 ಲೀಟರ್, 18,700 ರೂಪಾಯಿ. ಅದೇ ಗಾಡಿ ಪೆಟ್ರೋಲಿನಾಗ, 2 ಲೀಟರ್ ಟರ್ಬೋ ಇಂಜಿನ್, 10 ಕೊಟ್ರ 25,000. ಅಳಿಯಂದ್ರು ಪೆಟ್ರೋಲ್ ಅಂದ್ರ ಅಲ್ಲೇ ತಡಿ. ಬ್ರೆಜಾ 16 ಕೊಟ್ರ 156 ಲೀಟರ್, 15,600. ನೋಡ್ದೇನು? ನೀ ತಿಳ್ಕೊಂಡಷ್ಟು ಉಳ್ಯಂಗಿಲ್ಲ, ತಿಂಗಳಿಗ 3000 ಮ್ಯಾಲ ಅಷ್ಟೇ. ಬ್ರೆಜಾ ಡೀಜಲ್ 2020ರಾಗೇ ಬಂದ್ ಆಗ್ಯದ, ಈಗ ಅದು ಬರೇ ಪೆಟ್ರೋಲ್ ಇಲ್ಲಾ ಸಿಎನ್‌ಜಿ. ಅದೇ ನೆಕ್ಸಾನ್, ಸೋನೆಟ್ ಅಂಥ ಸಣ್ಣ ಡೀಜಲ್ 19 ಕೊಟ್ರ 132 ಲೀಟರ್, 12,000ದೊಳಗ. ಗ್ರಾಂಡ್ ವಿಟಾರಾ, ಹೈರೈಡರ್‌ದಾಗ ಸ್ಟ್ರಾಂಗ್ ಹೈಬ್ರಿಡ್ ಅಂತ ಬರ್ತದ, ಪೆಟ್ರೋಲ್ ಇಂಜಿನ್ ಜೋಡಿ ಬ್ಯಾಟರಿ ಮೋಟರೂ ಇರೋದು, 22 ಕೊಟ್ರ 11,400. ಅಂದ್ರ ನಿಮ್ಮ ಜಗಳ ದೊಡ್ಡದೋ ಸಣ್ಣದೋ ಅಂತ ಅದ, ದಿನಾ ಇಷ್ಟು ಓಡಿಸೋರಿಗೆ ಯಾವ ಎಣ್ಣಿ ಅನ್ನೋದೂ ಅಷ್ಟೇ ದೊಡ್ಡ ಮಾತು. ನೀ ಬರೇ ಕಾಯಿಪಲ್ಯಾಕ್ಕ, ಸಾಲಿಗಿ ಓಡಿಸ್ತಿದ್ರ ನಾನೇ ಡೀಜಲ್ ಬ್ಯಾಡ ಅಂತಿದ್ದೆ. ಈಗಿನ ಹೊಗಿ ನಿಯಮದ ಬಿಎಸ್-6 ಡೀಜಲ್ ಗಾಡಿಗಿ ಹೊಗಿ ಹಿಡಿಯೋ ಡಿಪಿಎಫ್ ಇರ್ತದ, ಸಣ್ಣ ಸಣ್ಣ ದೂರ ಓಡಿಸಿದ್ರ ಮಸಿ ಕಟ್ಟಿ ಗ್ಯಾರೇಜಿಗಿ ಒಯ್ಯಬೇಕಾಗ್ತದ. ಸೇಡಂ ದಾರಿ ಉದ್ದಕ ಓಡೂದಕ್ಕ ಆ ಚಿಂತಿಲ್ಲ.

ಹುಡುಗ್ರು ಹಾಕಿದ ಕಂಪನಿ ನಂಬರ್ ಖೋಟಾ ಅಲ್ಲ. ಕ್ರೆಟಾ ಡೀಜಲ್ 21.8, ಹೈಬ್ರಿಡ್ 27.97 ಅಂತ ಅದ, ಖರೇನೇ. ಆದ್ರ ಅದು ಗಾಡಿ ಪರೀಕ್ಷೆ ಮಾಡೋ ಪುಣೆ ಎಆರ್‌ಎಐದಂಥಲ್ಲಿ ಗಾಡಿ ರೋಲರ್ ಮ್ಯಾಲ ನಿಂದ್ರಿಸಿ, ಏಸಿ ಬಂದ್ ಮಾಡಿ, 20 ನಿಮಿಷ ಓಡಿಸಿ ತೆಗೆದದ್ದು, 90ರ ಮ್ಯಾಲ ಹೋಗೂದೇ ಇಲ್ಲ. ನಮ್ಮ ಕಲಬುರ್ಗ್ಯಾಗ ಏಸಿ ಬಂದ್ ಮಾಡಿ ಯಾರು ಕುಂದರ್ತಾರ? ಪೆಟ್ರೋಲಿನಾಗ ಈಗ ಕಬ್ಬಿನಂಥದರಿಂದ ತೆಗಿಯೋ ಎಥನಾಲ್ 20 ಪರ್ಸೆಂಟ್ ಬ್ಯಾರೆ. ಎಥನಾಲಿನಾಗ ಲೀಟರಿಗಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಶಕ್ತಿ ಕಮ್ಮಿ, ಎವರೇಜ್ ಜರಾ ಇಳೀತದ. ಬೀದರಿನ ಕಬ್ಬಿನವರಿಗರೇ ರೇಟ್ ಸಿಕ್ಕಿದ್ರ ನಾ ಬಾಯಿ ಮುಚ್ಕೋತೀನಿ.

ಇನ್ನೊಂದು, ಎರಡು ಕಿಲೋಮೀಟರ್ ಹೆಚ್ಚು ಅಂದ್ರ ಎಲ್ಲಾ ಗಾಡಿಗೂ ಒಂದೇ ಅಲ್ಲ. 10 ಕೊಡೋ ಗಾಡಿ 12 ಕೊಟ್ರ 1000 ಕಿಲೋಮೀಟರಿಗ 17 ಲೀಟರ್ ಉಳೀತದ. 20 ಕೊಡೋದು 22 ಕೊಟ್ರ ನಾಕೂವರಿ ಲೀಟರ್ ಅಷ್ಟೇ. ಅದಕ್ಕ ದೊಡ್ಡ ಗಾಡಿನೇ ತಗೊಳೂದಾದ್ರ ಅದರಾಗಿನ ಒಂದೊಂದು ಕಿಲೋಮೀಟರ್ ಬಿಡಬ್ಯಾಡ್ರಿ, ಕ್ಯಾರಿಯರ್ ಹಚ್ಚಬ್ಯಾಡ್ರಿ, ಗಾಲಿ ಹವಾ ನೋಡ್ರಿ. 4x4, ನಾಕೂ ಗಾಲಿಗಿ ಇಂಜಿನ್ ಜೋರು ಹೋಗೋದು, ತಗೊಂಡ್ರ ಇನ್ನೂ ತೂಕ. ಯರಿ ಹೊಲಕ್ಕ ಬೇಕು ಅಂತಾರೇನು ಅಳಿಯಂದ್ರು? ಮಳಿಗಾಲದಾಗ ನಮ್ಮ ಯರಿ ಮಣ್ಣಾಗ ಟ್ರ್ಯಾಕ್ಟರೇ ಸಿಗಬೀಳ್ತದ. ಮತ್ ಟ್ಯಾಕ್ಸ್. 2025ರ ಸಪ್ಟೆಂಬರ್ 22ರಿಂದ ನಾಕು ಮೀಟರ್ ಒಳಗಿನ ಸಣ್ಣ ಗಾಡಿಗಿ ಜಿಎಸ್‌ಟಿ 18 ಪರ್ಸೆಂಟ್, ಆದ್ರ ಪೆಟ್ರೋಲ್ ಇಂಜಿನ್ 1200 ಸಿಸಿ, ಡೀಜಲ್ 1500 ಸಿಸಿ ಒಳಗಿದ್ರ ಮಾತ್ರ. ಬ್ರೆಜಾ ಉದ್ದ 3995 ಮಿಲಿಮೀಟರ್, ಸಣ್ಣದೇ, ಆದ್ರ ಇಂಜಿನ್ 1462 ಸಿಸಿ ಪೆಟ್ರೋಲ್. ಅದಕ್ಕ 40 ಪರ್ಸೆಂಟೇ ಬೀಳ್ತದ, ಸ್ಕಾರ್ಪಿಯೋದಷ್ಟೇ.

ಈಗ ಮಾಡೂದೇನಂದ್ರ, ಸೋಮವಾರ ಬುಕ್ ಮಾಡೂದು ಬ್ಯಾಡ. ಚಂದ್ರೂನ ಗಾಡಿನೂ ಸ್ಕಾರ್ಪಿಯೋ-ಎನ್ನೇ ಅದ, ಅದನ್ನ ಅಳಿಯಂದ್ರು ಒಂದು ವಾರ ಸೇಡಂಕ್ಕ ಒಯ್ಯಲಿ, ಡೀಜಲ್ ನಿಮ್ದೇ ಹಾಕ್ರಿ. ಪಂಪಿನಾಗ ನಾಜಲ್ ತಾನೇ ಟಕ್ ಅಂತ ಬಂದ್ ಆಗೋತನಕ ತುಂಬಸ್ರಿ, ಮ್ಯಾಲ ಮ್ಯಾಲ ಒತ್ತಬ್ಯಾಡ ಅಂತ ಹುಡುಗಗ ಹೇಳ್ರಿ. ಟ್ರಿಪ್ ಮೀಟರ್ ಸೊನ್ನಿ ಮಾಡ್ರಿ. ವಾರದ ಮ್ಯಾಲ ಅದೇ ಪಂಪ್, ಆದಷ್ಟು ಅದೇ ಮಶೀನ್, ಮತ್ ಟಕ್ ಅನ್ನೋತನಕ. ಎಷ್ಟು ಕಿಲೋಮೀಟರ್ ಓಡ್ಯದ ಅದನ್ನ ಹಾಕಿದ ಲೀಟರಿಲೇ ಭಾಗಸ್ರಿ. ಪರದೆ ಮ್ಯಾಲ ಗಾಡಿ ತಾನೇ ತೋರ್ಸೋ ಎವರೇಜ್ ಬರೀಬ್ಯಾಡ್ರಿ, ಅದು ಸಾಮಾನ್ಯವಾಗಿ ಜರಾ ಹೆಚ್ಚೇ ಹೇಳ್ತದ. ಸಣ್ಣ ಡೀಜಲ್ ಯಾರದ್ದರೇ ಸಿಕ್ರ ಅದರದ್ದೂ ಹಂಗೇ. ಬಿಲ್ ತಗೋ, ಕೊಡಂಗಿಲ್ಲ ಅಂದ್ರ ನಿಂತು ಕೇಳಿ ತಗೋ. ಮೀಟರಿಂದು ಬಿಲ್ಲಿಂದು ಫೋಟೋ ಗ್ರೂಪಿಗಿ ಹಾಕಬ್ಯಾಡ, ನನಗೊಬ್ಬಾಕಿಗೇ ಹಾಕು. ಇಲ್ಲಿ ಹಾಕಿದ್ರ ಎಲ್ಲಾರೂ ಭಾಗಾಕಾರ ಮಾಡ್ಲಿಕ್ಕ ಕುಂದರ್ತಾರ, ಅದರಾಗ ನಾಕು ಮಂದಿಗಿ ಸಾಲ್ಯಾಗ ಗಣಿತ ಹೇಳಿದಾಕಿ ನಾನೇ, ಅವರದ್ದು ನನಗ ಗೊತ್ತದ.