ಅರ್ಧದಲ್ಲಿ ಆಳು ಬಿಟ್ಟುಹೋದರೆ ವಿಲೋಮ ಅನುಪಾತ ಹೇಗೆ ಹಾಕೋದು?

ಪ್ರಶ್ನೆ:
12 ಜನ 20 ದಿನದಲ್ಲಿ ಮುಗಿಸುವ ಕೆಲಸ. 5 ದಿನ ಆದಮೇಲೆ 3 ಜನ ಬಿಟ್ಟುಹೋಗ್ತಾರೆ. ಉಳಿದ ಕೆಲಸಕ್ಕೆ ಎಷ್ಟು ದಿನ ಬೇಕು? 12 × 20 = 9 × ದಿನ ಅಂತ ಹಾಕಿದರೆ 26.67 ಬರುತ್ತೆ. ಆಯ್ಕೆಗಳು 15, 20, 25, 30. ಯಾವ ಹಂತ ತಪ್ಪಿದೆ?

ಉತ್ತರ 1:
ಹಾಗೆ ಹಾಕಿದರೆ ಮೊದಲ ದಿನದಿಂದಲೇ 9 ಜನ ಇದ್ದರು ಅಂತಾಗುತ್ತೆ. ಜನ × ದಿನ ಸ್ಥಿರವಾಗಿರೋದು ಎರಡೂ ಕಡೆ ಕೆಲಸ ಅಷ್ಟೇ ಇದ್ದಾಗ ಮಾತ್ರ.

ಒಟ್ಟು ಕೆಲಸ 12 × 20 = 240 ಆಳು-ದಿನ (ಒಬ್ಬರ ಒಂದು ದಿನದ ಕೆಲಸ; ನರೇಗಾದಲ್ಲಿ ಮಾನವ ದಿನ ಅಂತಿದ್ದರಲ್ಲ, ಅದೇ). 5 ದಿನದಲ್ಲಿ ಮುಗಿದದ್ದು 60. ಬಾಕಿ 180. ಅದನ್ನು 9 ಜನ ಮಾಡಬೇಕು: 180 ÷ 9 = 20 ದಿನ.

ಬೇಗ ಮಾಡಬೇಕಾದರೆ, ಅದೇ 12 ಜನ ಇದ್ದಿದ್ದರೆ ಇನ್ನು 15 ದಿನ ಸಾಕಿತ್ತು. 12 × 15 = 9 × 20. ‘ಒಟ್ಟು ಎಷ್ಟು ದಿನ’ ಅಂತ ಕೇಳಿದ್ದರೆ 25. ಆಯ್ಕೆಯಲ್ಲಿ ಎರಡನ್ನೂ ಇಟ್ಟಿರೋದು ಸುಮ್ಮನೆ ಅಲ್ಲ, ಪ್ರಶ್ನೆಯ ಕೊನೆ ಸಾಲು ಎರಡು ಸಲ ಓದಿ.

ಉತ್ತರ 2:
ಗಂಟೆ, ಉದ್ದ ಎಲ್ಲಾ ಸೇರಿದಾಗ ಇನ್ನೂ ಜಾಸ್ತಿ ಎಡವೋದು. 10 ಆಳು ದಿನಕ್ಕೆ 8 ಗಂಟೆಯಂತೆ 6 ದಿನದಲ್ಲಿ 120 ಮೀಟರ್ ಕಾಲುವೆ ತೋಡಿದರೆ, 16 ಆಳು ದಿನಕ್ಕೆ 6 ಗಂಟೆಯಂತೆ 240 ಮೀಟರ್ ತೋಡಲು?

10 × 8 × 6 = 480 ಆಳು-ಗಂಟೆ, ಅಂದರೆ ಮೀಟರಿಗೆ 4. 240 ಮೀಟರಿಗೆ 960. ದಿನಕ್ಕೆ ಸಿಗೋದು 16 × 6 = 96. ಉತ್ತರ 10 ದಿನ.

ಆಳು, ಗಂಟೆ ಹೆಚ್ಚಾದರೆ ದಿನ ಕಡಿಮೆ, ಅದು ವಿಲೋಮ. ಉದ್ದ ಹೆಚ್ಚಾದರೆ ದಿನವೂ ಹೆಚ್ಚು, ಅದು ನೇರ. ಉದ್ದವನ್ನೂ ವಿಲೋಮಕ್ಕೆ ಸೇರಿಸಿದರೆ ಎರಡೂವರೆ ದಿನ ಬರುತ್ತೆ. ಇಮ್ಮಡಿ ಕಾಲುವೆ ಅರ್ಧಕ್ಕಿಂತ ಕಡಿಮೆ ದಿನದಲ್ಲಿ!

ಉತ್ತರ 3:
ಇದೆಲ್ಲ ಎಲ್ಲರ ವೇಗ ಒಂದೇ ಇದ್ದಾಗ. ‘ಎ 12 ದಿನ, ಬಿ 6 ದಿನ, ಇಬ್ಬರೂ ಸೇರಿ?’ ಅಂದರೆ ಸರಾಸರಿ 9 ಅಂತ ಬರೀಬೇಡಿ, ಬಿ ಒಬ್ಬನೇ 6ರಲ್ಲಿ ಮುಗಿಸ್ತಾನೆ. 12, 6ರ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) 12, ಅದನ್ನೇ ಒಟ್ಟು ಕೆಲಸ ಅಂತ ಇಟ್ಟುಕೊಳ್ಳಿ. ದಿನಕ್ಕೆ ಎ 1, ಬಿ 2 ಭಾಗ. 12 ÷ 3 = 4 ದಿನ.

ಪ್ರಶ್ನೆ ಕೇಳಿದವರು:
ಅರ್ಧದಲ್ಲಿ ಜನ ಸೇರಿಕೊಂಡರೂ ಇದೇ ಕ್ರಮವಾ?

ಉತ್ತರ 1:
ಹೌದು. ಅದೇ ಲೆಕ್ಕದಲ್ಲಿ 4 ದಿನ ಆದಮೇಲೆ 4 ಜನ ಸೇರಿದರೆ 12 × 16 = 16 × 12. ಇನ್ನು 12 ದಿನ.