ಇಸಬೆಲಾ ವಾಪಸ್ ಬರುತ್ತಾಳಾ?

ನಮ್ಮ ವಾಟ್ಸಾಪ್ ಗುಂಪಿನ ಹೆಸರು 'ರೂಮ್ ನಂಬರ್ 14'. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುವಾಗ ಆ ಹಾಸ್ಟೆಲ್ ರೂಮಿನಲ್ಲಿ ಇದ್ದವರು ಮೂರೇ ಜನ. ಗುಂಪಿನಲ್ಲಿ ಹನ್ನೊಂದು ಜನ ಇದ್ದೇವೆ. ಗ್ರಾಫಿಕ್ಸ್ ಕಾರ್ಡ್ ಇದ್ದ ಕಂಪ್ಯೂಟರ್ ಆ ರೂಮಿನಲ್ಲಿ ಮಾತ್ರ ಇತ್ತು, ಅದಕ್ಕೆ. ಇಲ್ಲಿ ಯಾರಿಗೂ ಹೆಸರಿಲ್ಲ, ಊರೇ ಹೆಸರು. ಹೊನ್ನಾಳಿ ಒಬ್ಬಳು ಲೇಡೀಸ್ ಹಾಸ್ಟೆಲ್‌ನವಳು. ಡಿವಿಡಿ ಎರವಲು ಪಡೆದು ತನ್ನ ಲ್ಯಾಪ್‌ಟಾಪ್‌ನಲ್ಲಿ ಆಡಿ ನಮಗಿಂತ ಮೊದಲೇ ಮುಗಿಸುತ್ತಿದ್ದಳು. ಅಡ್ಮಿನ್ ನಾನು.

ಗುರುವಾರ ರಾತ್ರಿ ಹರಿಹರ ಒಂದು ಚಿತ್ರ ಫಾರ್ವರ್ಡ್ ಮಾಡಿದ. 'ಮೊದಲ ಭಾಗದ ಮಾನ ಕಳೆದ ಎರಡನೇ ಭಾಗಗಳು' ಅಂತ ತಲೆಬರಹ. ಅದರಲ್ಲಿ 'ಡ್ರ್ಯಾಗನ್ ಏಜ್ 2' ಎಂಬ ಕಂಪ್ಯೂಟರ್ ಆಟದ ಮೇಲೆ ಕೆಂಪು ಗೀಟು.

ಹರಿಹರ: ಇದನ್ನು ನಾನು 2011ರಲ್ಲೇ ಹೇಳಿದ್ದೆ. ಯಾರೂ ಕೇಳಲಿಲ್ಲ.

ದುರ್ಗ: ಶುರುವಾಯಿತು.

ಹರಿಹರ: ಮೊದಲ ಭಾಗ ಬಂದದ್ದು 2009ರ ನವೆಂಬರ್. ಎರಡನೆಯದು 2011ರ ಮಾರ್ಚ್. ಹದಿನಾರು ತಿಂಗಳಲ್ಲಿ ಇಷ್ಟು ದೊಡ್ಡ ಆಟ ಮಾಡಲು ಆಗುತ್ತದಾ? ನಾವು ಫೈನಲ್ ಇಯರ್ ಪ್ರಾಜೆಕ್ಟ್ ಮಾಡಿದ ಹಾಗೆ ಮಾಡಿದ್ದಾರೆ. ಒಂದೇ ಗವಿ. ಕಳ್ಳರಿದ್ದರೂ ಅದೇ ಗವಿ, ಜೇಡ ಇದ್ದರೂ ಅದೇ ಗವಿ. ಈ ಕಡೆ ಬಾಗಿಲು ಮುಚ್ಚು, ಆ ಕಡೆ ತೆರೆ, ಹೊಸ ಜಾಗ ಆಯಿತು.

ದುರ್ಗ: ಇದನ್ನು ಒಪ್ಪಿದೆ. ಮೂಲೆಯಲ್ಲಿ ಕಾಣುವ ಮ್ಯಾಪ್‌ನಲ್ಲಿ ಪೂರ್ತಿ ಗವಿ ಕಾಣುತ್ತಿತ್ತು, ಹೋಗಲು ಮಾತ್ರ ದಾರಿ ಇರಲಿಲ್ಲ. ಚಂದ್ರವಳ್ಳಿಯ ಗವಿಗೆ ಒಬ್ಬನನ್ನೇ ಮೂರು ಸಲ ಕರೆದುಕೊಂಡು ಹೋಗಿ, ಮೂರೂ ಬೇರೆ ಅಂತ ಹೇಳಿದ ಹಾಗೆ.

ಹರಿಹರ: ಮತ್ತೆ ಜಗಳ? ಮೊದಲ ಭಾಗದಲ್ಲಿ ಬಾಗಿಲ ಹತ್ತಿರ ಒಬ್ಬನನ್ನು ನಿಲ್ಲಿಸಿದರೆ ಸಾಕಿತ್ತು. ಶತ್ರುಗಳು ಒಬ್ಬೊಬ್ಬರಾಗಿ ಬರಬೇಕು. ನೀನೇ ಅಲ್ವಾ ಅದಕ್ಕೆ ಓಬವ್ವನ ಕಿಂಡಿ ಅಂತ ಹೆಸರಿಟ್ಟದ್ದು?

ದುರ್ಗ: ನಾನೇ. ಎರಡನೇ ಭಾಗದಲ್ಲಿ ಕಿಂಡಿ ಹಿಡಿದು ನಿಂತರೆ ಹಿಂದಿನಿಂದ ಇನ್ನೊಂದು ತಂಡ ಮಾಳಿಗೆಯಿಂದ ಧುಮುಕುತ್ತದೆ. ಅವರನ್ನು ಮುಗಿಸಿದರೆ ಮತ್ತೊಂದು ತಂಡ. ಹೈದರಾಲಿಯ ಸೈನ್ಯ ಆಕಾಶದಿಂದ ಇಳಿದಿದ್ದರೆ ಓಬವ್ವ ಏನು ಮಾಡಬೇಕಿತ್ತು?

ಹೊನ್ನಾಳಿ: ಇಬ್ಬರೂ ಒಂದೇ ಮಾತು ಹೇಳುತ್ತಿದ್ದೀರಿ. ಹಾಗಾದರೆ ಜಗಳ ಎಲ್ಲಿದೆ?

ಜಗಳ ಆಮೇಲೆ ಬಂತು. ಜಗಳೂರು ಇಷ್ಟು ವರ್ಷ ಈ ಆಟ ಮುಟ್ಟಿರಲಿಲ್ಲ. ಕಳೆದ ತಿಂಗಳು ಸೇಲ್‌ನಲ್ಲಿ ಕೊಂಡಿದ್ದಾನೆ. ಮಗು ಮಲಗಿದ ಮೇಲೆ ದಿನಾ ಒಂದು ಗಂಟೆ ಆಡುತ್ತಾನಂತೆ. ಅವನ ಮೆಸೇಜ್ ಬಂದದ್ದು ಹತ್ತೂವರೆಗೆ. ಅದರಲ್ಲಿ ಬರುವ ಇಸಬೆಲಾ ಆಟದ ನಾಯಕನ ಜೊತೆಗಾರ್ತಿ, ಅರಿಶೋಕ್ ಒಂದು ಪುಸ್ತಕಕ್ಕಾಗಿ ಊರಲ್ಲಿ ಕಾದು ಕೂತ ಪರದೇಶಿ ಸೈನ್ಯದ ದಂಡನಾಯಕ.

ಜಗಳೂರು: ಇಸಬೆಲಾ ಆ ಪುಸ್ತಕ ಎತ್ತಿಕೊಂಡು ಓಡಿಹೋದಳು. ಅರಿಶೋಕ್ ಊರಿಗೆ ಬೆಂಕಿ ಇಟ್ಟಿದ್ದಾನೆ. ಅವಳು ವಾಪಸ್ ಬರುತ್ತಾಳಾ? ಕಥೆ ಹೇಳಬೇಡಿ. ಹೌದು ಅಥವಾ ಇಲ್ಲ, ಅಷ್ಟೇ.

ಹರಿಹರ: ಇಲ್ಲ.

ದುರ್ಗ: ಹೌದು.

ಎರಡೂ ಒಂದೇ ನಿಮಿಷದಲ್ಲಿ ಬಂದವು.

ಹರಿಹರ: ಏನು ಹೌದು? ಒಂದು ಚೀಟಿ ಬರೆದಿಟ್ಟು ಹೋಗುತ್ತಾಳೆ. ಮುಗಿಯಿತು ಅವಳ ಕಥೆ. ಇದಕ್ಕೇ ನಾನು ಹೇಳುವುದು, ಈ ಆಟದ ಜೊತೆಗಾರರಿಗೆ ನಿಯತ್ತಿಲ್ಲ ಅಂತ. ಮೊದಲ ಭಾಗದಲ್ಲಿ ಅಲಿಸ್ಟರ್ ಇದ್ದ, ಲೆಲಿಯಾನಾ ಇದ್ದಳು, ನಾಯಿ ಇತ್ತು. ರಾತ್ರಿ ಎಲ್ಲರೂ ಒಂದೇ ಬೆಂಕಿಯ ಸುತ್ತ ಕೂರುತ್ತಿದ್ದರು. ಅದು ತಂಡ.

ದುರ್ಗ: ನನ್ನ ಆಟದಲ್ಲಿ ಬಂದಳು. ನಾನು ಕಣ್ಣಾರೆ ನೋಡಿದ್ದೇನೆ.

ಹರಿಹರ: ಸುಮ್ನೆ ಬಿಡಬೇಡ. ನೀನು ವ್ಯಾರಿಕ್ ಜಾತಿಯವನು. ಅರ್ಧ ನೋಡಿ, ಅರ್ಧ ಕಟ್ಟುತ್ತೀಯ.

ಆಡದವರಿಗೆ ಒಂದು ಮಾತು. ಈ ಕಥೆ ಪೂರ್ತಿ ಹೇಳುವವನು ವ್ಯಾರಿಕ್ ಎಂಬ ಕುಳ್ಳ. ಕಸ್ಸಾಂಡ್ರಾ ಎಂಬ ಅಧಿಕಾರಿಣಿ ಅವನನ್ನು ಕೂರಿಸಿಕೊಂಡು ವಿಚಾರಣೆ ಮಾಡುತ್ತಾಳೆ, ಅವನು ನಾಯಕ ಹಾಕ್‌ನ ಕಥೆ ಬಿಡಿಸುತ್ತಾ ಹೋಗುತ್ತಾನೆ. ನಾವು ಆಡುವುದು ಅವನ ಬಾಯಿಂದ ಬಂದ ಕಥೆಯನ್ನು. ಒಂದು ಕಡೆ ಅವನು ಅಣ್ಣನ ಮನೆಗೆ ಒಬ್ಬನೇ ನುಗ್ಗಿ ಎಲ್ಲರನ್ನೂ ಉರುಳಿಸುತ್ತಾನೆ. ಬಾಣ ಬಿಟ್ಟಲ್ಲೆಲ್ಲ ಹೆಣ. ನಾವು ಖುಷಿಯಿಂದ ಗುಂಡಿ ಒತ್ತುತ್ತಿರುತ್ತೇವೆ. ಆಗ ಕಸ್ಸಾಂಡ್ರಾ ನಡುವೆ ಬಾಯಿ ಹಾಕಿ 'ಸುಳ್ಳು' ಅನ್ನುತ್ತಾಳೆ. ಅವನು ಸರಿ ಅಂತ ಮೊದಲಿಂದ ಹೇಳುತ್ತಾನೆ. ನಮ್ಮ ಕಡೆ ಬಯಲಾಟ ನೋಡಿ ಬಂದು ಮಾರನೇ ದಿನ ಕಟ್ಟೆ ಮೇಲೆ ಕಥೆ ಹೇಳುವವರು ಇದ್ದರಲ್ಲ, ಥೇಟ್ ಅವರೇ.

ನಾನು: ಇಬ್ಬರೂ ಸರಿ. ಹರಿಹರ, ಇಸಬೆಲಾಳನ್ನು ತಂಡದಲ್ಲಿ ಎಷ್ಟು ಸಲ ಕರೆದುಕೊಂಡು ಹೋಗಿದ್ದೆ?

ಹರಿಹರ: ಯಾಕೆ ಕರೆದುಕೊಂಡು ಹೋಗಲಿ? ಕಳ್ಳತನ ಮಾಡಲು, ಬೀಗ ತೆಗೆಯಲು ನನ್ನ ಹಾಕ್ ಇದ್ದ. ಅವಳು ಹ್ಯಾಂಗ್ಡ್ ಮ್ಯಾನ್ ಹೆಂಡದಂಗಡಿಯಲ್ಲಿ ಕುಡಿಯುತ್ತಾ ಇದ್ದಳು.

ನಾನು: ಅಲ್ಲೇ ಆದದ್ದು. ಅವಳ ಜೊತೆ ಸ್ನೇಹವೋ ಜಗಳವೋ, ಯಾವುದಾದರೂ ಒಂದು ಸಾಕಷ್ಟು ಬೆಳೆದಿರಬೇಕು. ಆಗ ಮರಳಿ ಬರುತ್ತಾಳೆ. ಎರಡೂ ಇಲ್ಲ ಅಂದರೆ ಬರುವುದಿಲ್ಲ.

ಹರಿಹರ: ಜಗಳ ಬೆಳೆದರೂ ಬರುತ್ತಾಳಾ?

ಹೊನ್ನಾಳಿ: ಅಯ್ಯೋ, ಇವನು ಪ್ರತಿ ಜೊತೆಗಾರನಿಗೂ ಇರುವ ಅಳತೆಪಟ್ಟಿಯನ್ನೇ ನೋಡಿಲ್ಲ. ಒಂದು ತುದಿಯಲ್ಲಿ ಸ್ನೇಹ, ಇನ್ನೊಂದು ತುದಿಯಲ್ಲಿ ಪೈಪೋಟಿ. ಮೊದಲ ಭಾಗದಲ್ಲಿ ಇದ್ದದ್ದು ಮೆಚ್ಚುಗೆ ಮಾತ್ರ. ಯಾರಾದರೂ ಮುನಿಸಿಕೊಂಡರೆ ಒಂದು ಉಡುಗೊರೆ, ಮತ್ತೊಂದು ಉಡುಗೊರೆ, ಸಾಲದಿದ್ದರೆ ಇನ್ನೊಂದು. ಪಾಪ, ಕೆಟ್ಟ ಕೆಲಸ ಮಾಡಿ ಬಂದು ಒಂದು ಸರ ಕೊಟ್ಟರೆ ಎಲ್ಲರೂ ನಗುತ್ತಿದ್ದರು. ಎರಡನೆಯದರಲ್ಲಿ ಅದು ನಡೆಯುವುದಿಲ್ಲ. ನಿನ್ನ ಮಾತು ಒಪ್ಪದವನೂ ಪಕ್ಕದಲ್ಲೇ ನಿಂತು ಬೈಯುತ್ತಾ ಕತ್ತಿ ಹಿಡಿಯುತ್ತಾನೆ. ಪೈಪೋಟಿ ತುದಿ ಮುಟ್ಟಿದರೂ ಅವರಿಗೆ ಹೊಸ ಶಕ್ತಿ ಬರುತ್ತದೆ. ನಷ್ಟ ಆಗುವುದು ನಡುವೆ ನಿಂತವನಿಗೆ.

ದುರ್ಗ: ಮಾಟಗಾತಿ ಮೆರಿಲ್ ಜೊತೆ ನನ್ನದು ಪೂರ್ತಿ ಪೈಪೋಟಿ. ಆ ಒಡೆದ ಕನ್ನಡಿ ಬೇಡಮ್ಮ ಬೇಡ ಅಂತ ಎಷ್ಟು ಹೇಳಿದರೂ ರಿಪೇರಿ ಮಾಡುವುದನ್ನು ಬಿಡಲಿಲ್ಲ. ಆದರೂ ಅವಳ ಮನೆಗೆ ಹೋಗುತ್ತಿದ್ದೆ. ಊರಲ್ಲಿ ದಾರಿ ತಪ್ಪುತ್ತಾಳೆ ಅಂತ ವ್ಯಾರಿಕ್ ಅವಳಿಗೆ ದಾರದ ಉಂಡೆ ಕೊಟ್ಟಿದ್ದ, ನೆನಪಿದೆಯಾ?

ಜಗಳೂರು: ಹೌದು ಅಥವಾ ಇಲ್ಲ ಅಂತ ಕೇಳಿದ್ದೆ.

ಯಾರೂ ಅವನ ಕಡೆ ನೋಡಲಿಲ್ಲ.

ಹರಿಹರ: ಸರಿ, ಪಟ್ಟಿ ಇತ್ತು. ಆದರೆ ಒಂದೇ ಊರು! ಕರ್ಕ್‌ವಾಲ್ ಬಿಟ್ಟರೆ ಒಂದು ಗುಡ್ಡ, ಒಂದು ಸಮುದ್ರ ದಂಡೆ. ಕಥೆಯಲ್ಲಿ ವರ್ಷಗಟ್ಟಲೆ ಕಳೆಯುತ್ತದೆ, ಒಂದು ಅಂಗಡಿಯ ಬೋರ್ಡೂ ಬದಲಾಗುವುದಿಲ್ಲ. ಮೊದಲ ಭಾಗದಲ್ಲಿ ಇಡೀ ದೇಶ ಸುತ್ತಿದ್ದೆವು.

ಇದಕ್ಕೆ ನಾನು ಸ್ವಲ್ಪ ಜಾಸ್ತಿಯೇ ಟೈಪ್ ಮಾಡಿದೆ. ರಾತ್ರಿ ಹನ್ನೊಂದಕ್ಕೆ ಮೇಲೆ ನನ್ನ ಕೈಗೆ ಬ್ರೇಕ್ ಇಲ್ಲ.

ನಾನು: ಬೋರ್ಡ್ ಬದಲಾಗದ್ದು ತಪ್ಪೇ. ಆದರೆ ಒಂದೇ ಊರು ಆದದ್ದರಿಂದಲೇ ಆ ಜೊತೆಗಾರರು ಹಾಗಿದ್ದಾರೆ. ಬೆಂಕಿಯ ಸುತ್ತ ಕೂತವರಿಗೆ ನಮ್ಮನ್ನು ಕಾಯುವುದು ಬಿಟ್ಟು ಬೇರೆ ಕೆಲಸ ಇರಲಿಲ್ಲ. ಇಲ್ಲಿ ಎಲ್ಲರಿಗೂ ಒಂದು ವಿಳಾಸ ಇದೆ. ಆಂಡರ್ಸ್ ಡಾರ್ಕ್‌ಟೌನ್‌ನಲ್ಲಿ ಬಡವರಿಗೆ ಪುಕ್ಕಟೆ ದವಾಖಾನೆ ನಡೆಸುತ್ತಾನೆ. ಫೆನ್ರಿಸ್ ತನ್ನನ್ನು ಗುಲಾಮ ಮಾಡಿದ್ದ ಒಡೆಯನ ಬಂಗಲೆಯಲ್ಲೇ ವಾಸ, ಕಸ ಗುಡಿಸುವುದಿಲ್ಲ. ಅವನಿಗೆ ಪುಸ್ತಕ ಉಡುಗೊರೆ ಕೊಟ್ಟೆ. ಓದಲು ಬರುವುದಿಲ್ಲ ಅಂದ. ಗುಲಾಮರಿಗೆ ಯಾರು ಓದು ಕಲಿಸುತ್ತಾರೆ? ಅಲ್ಲಿ ಎರಡು ನಿಮಿಷ ಮೌಸ್ ಬಿಟ್ಟು ಕೂತಿದ್ದೆ. ಅವೆಲೀನ್ ಊರ ಕಾವಲುಪಡೆಯ ಮುಖ್ಯಸ್ಥೆ ಆಗುತ್ತಾಳೆ. ಇವರನ್ನು ನೋಡಬೇಕಾದರೆ ನಾವೇ ಎದ್ದು ಹೋಗಬೇಕು. ನಮ್ಮ ದಾವಣಗೆರೆಯ ಗೆಳೆಯರ ಹಾಗೆ, ನಿಟ್ಟುವಳ್ಳಿಯಲ್ಲಿ ಒಬ್ಬ, ಪಿ.ಜೆ. ಬಡಾವಣೆಯಲ್ಲಿ ಒಬ್ಬ, ಹಳೇ ಬಸ್ ಸ್ಟ್ಯಾಂಡ್ ಹತ್ತಿರ ಒಬ್ಬ. ಸೈಕಲ್ ತುಳಿದುಕೊಂಡು ಹೋದವನಿಗೆ ಸ್ನೇಹ, ಹೋಗದವನಿಗೆ ಚೀಟಿ.

ಹರಪನಹಳ್ಳಿ: ನಾನು ಆಡಿಲ್ಲ. ಆದರೂ ಕೇಳುತ್ತೇನೆ, ಜೊತೆಗಾರರು ಬಿಟ್ಟು ಹೋದರೆ ಅದೇನು ದೊಡ್ಡ ವಿಷಯ? ನಮ್ಮ ತಾಲ್ಲೂಕು ಬಳ್ಳಾರಿಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಬಂತು, ಮತ್ತೆ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ. ಯಾರಾದರೂ ಅತ್ತರಾ?

ಹೊನ್ನಾಳಿ: ನಿನ್ನ ಮೇಲೆ ಯಾರ ಪಟ್ಟಿಯೂ ತುಂಬಿರಲಿಲ್ಲ ಅಂತ ಅರ್ಥ.

ನಾಲ್ಕು ಜನ ನಗುವ ಮುಖ ಹಾಕಿದರು. ಹರಪನಹಳ್ಳಿ ಕೂಡ.

ಹೊನ್ನಾಳಿ: ನನಗೆ ಇಡೀ ಆಟದಲ್ಲಿ ಇಷ್ಟ ಅವೆಲೀನ್. ಕಥೆ ಶುರುವಾಗುವಾಗಲೇ ಗಂಡ ಸಾಯುತ್ತಾನೆ. ವರ್ಷಗಳ ಮೇಲೆ ಡಾನಿಕ್ ಎಂಬ ಕಾವಲುಗಾರನ ಮೇಲೆ ಮನಸ್ಸಾಗುತ್ತದೆ. ಕತ್ತಿ ಹಿಡಿದರೆ ಹತ್ತು ಜನರನ್ನು ಉರುಳಿಸುವವಳು, ಅವನ ಮುಂದೆ ಬಾಯಿ ಬಿಡಲಾಗದೆ ಹಾಕ್ ಕೈಯಲ್ಲಿ ತಾಮ್ರದ ಚೆಂಡುಹೂವು ಕಳಿಸುತ್ತಾಳೆ. ತಾಮ್ರದ್ದು! ಅವನಿಗೆ ತಲೆಬುಡ ಗೊತ್ತಾಗುವುದಿಲ್ಲ. ಆಮೇಲೆ ಇಬ್ಬರೂ ಗಸ್ತು ಹೋಗುತ್ತಾರೆ. ದಾರಿಯಲ್ಲಿರುವ ಕಳ್ಳರನ್ನೆಲ್ಲ ನಾವು ಮೊದಲೇ ಹೋಗಿ ಹೊಡೆದು ಹಾಕಬೇಕು, ಅವರು ನೆಮ್ಮದಿಯಾಗಿ ಮಾತಾಡಲಿ ಅಂತ. ಅವಳು ಅಷ್ಟಾದರೂ ಬೇಡದ್ದನ್ನೇ ಮಾತಾಡುತ್ತಾಳೆ. ಈ ಒಂದು ಕೆಲಸಕ್ಕೆ ಒಂದೇ ಗವಿಯನ್ನು ಇಪ್ಪತ್ತು ಸಲ ನೋಡಲು ನಾನು ತಯಾರು.

ಹರಿಹರ: ಅದು ಚೆನ್ನಾಗಿತ್ತು. ಸರಿ. ಆದರೆ ಅವೆಲೀನ್‌ಗೆ ನಾನು ಕೊಟ್ಟ ಒಳ್ಳೆಯ ಕವಚ ತೊಡಿಸಲು ಆಗಲಿಲ್ಲ! ಜೊತೆಗಾರರ ಬಟ್ಟೆ ಬದಲಾಯಿಸುವ ಹಾಗೇ ಇಲ್ಲ.

ದುರ್ಗ: ಪೊಲೀಸ್ ಅಧಿಕಾರಿಗೆ ನಿನ್ನ ಅಂಗಿ ತೊಡಿಸಲು ಹೋಗಿದ್ದೆಯಾ?

ಇಲ್ಲಿಗೆ ಮುಗಿಯಬೇಕಿತ್ತು. ದುರ್ಗನಿಗೆ ಆಂಡರ್ಸ್ ನೆನಪಾದ.

ದುರ್ಗ: ಆಂಡರ್ಸ್ ಮಾತ್ರ ನನಗೆ ಮೋಸ ಮಾಡಲಿಲ್ಲ, ನಾನು ಮೊದಲೇ ಹಿಡಿದಿದ್ದೆ. ಕೊನೆಯ ಭಾಗದಲ್ಲಿ ಅವನು ಔಷಧಿಗೆ ಅಂತ ಎರಡು ಸಾಮಾನು ಕೇಳುತ್ತಾನೆ. ಒಂದು ಚರಂಡಿಯಲ್ಲಿ ಸಿಗುತ್ತದೆ. ಇನ್ನೊಂದು ಹಳದಿ ಗಂಧಕದ ಥರ. ಚರಂಡಿಯಲ್ಲಿ ಸಿಗುವುದು ಅಂದರೆ ಪೆಟ್ಲುಪ್ಪು ಅಲ್ವಾ? ದುರ್ಗದ ಕೋಟೆಯಲ್ಲಿ ಮದ್ದು ಬೀಸುವ ಕಲ್ಲು ನೋಡಿ ಬೆಳೆದವನಿಗೆ ಇದು ಗೊತ್ತಾಗುವುದಿಲ್ಲವಾ? ಇದು ಔಷಧಿ ಅಲ್ಲ, ಸಿಡಿಮದ್ದು ಅಂತ ಆಗಲೇ ಕೂಗಿದ್ದೆ. ಆದರೂ ತಂದುಕೊಟ್ಟೆ. ಗೆಳೆಯ ಕೇಳಿದ್ದಾನೆ, ಇಲ್ಲ ಅನ್ನುವುದು ಹೇಗೆ? ಆಮೇಲೆ ಆ ದೇವಾಲಯ

ಹೊನ್ನಾಳಿ: ನಿಲ್ಲಿಸು.

ನಾನು: ನಿಲ್ಲಿಸು ಮಾರಾಯ.

ದುರ್ಗ: ಅಯ್ಯೋ. ಜಗಳೂರು ಇದ್ದಾನೆ ಅಲ್ವಾ.

'ಈ ಮೆಸೇಜ್ ಅಳಿಸಲಾಗಿದೆ' ಅಂತ ಬಂತು. ಆದರೆ ಅಷ್ಟರಲ್ಲಿ ತಡವಾಗಿತ್ತು.

ಜಗಳೂರು: ಓದಿದೆ. ದೇವರು ನಿಮಗೆ ಒಳ್ಳೆಯದು ಮಾಡಲಿ. ನಾಳೆಯಿಂದ ಆ ಡಾಕ್ಟರ್ ಹತ್ತಿರ ಹೋಗುವುದಿಲ್ಲ.

ನಾನು: ಹಾಗೆ ಮಾಡಬೇಡ. ಮದ್ದು ಬೀಸುವುದು ಗೊತ್ತಿದ್ದೂ ಅವನ ಪಕ್ಕ ನಿಂತರೆ ಇನ್ನೂ ಕಷ್ಟ ಇದೆ. ಅದೇ ಮಜಾ.

ಹರಿಹರ: ನಾನು ಆಂಡರ್ಸ್‌ನನ್ನೂ ಜಾಸ್ತಿ ಮಾತಾಡಿಸಿಲ್ಲ. ಗಾಯ ವಾಸಿ ಮಾಡಲು ಮಾತ್ರ ಕರೆಯುತ್ತಿದ್ದೆ.

ಹೊನ್ನಾಳಿ: ಹಾಗಾದರೆ ಹದಿನಾಲ್ಕು ವರ್ಷದಿಂದ ನೀನು ಬೈಯುತ್ತಿರುವುದು ಯಾವ ಆಟವನ್ನು?

ಹರಿಹರ ಉತ್ತರ ಕೊಡಲಿಲ್ಲ. 'ಟೈಪ್ ಮಾಡುತ್ತಿದ್ದಾರೆ' ಅಂತ ಮೂರು ಸಲ ಬಂತು, ಮೂರು ಸಲ ಹೋಯಿತು. ನಾನು ಮಲಗಿದೆ.

ಶುಕ್ರವಾರ ಇಡೀ ದಿನ ಗುಂಪು ಮೌನ. ಬೆಳಿಗ್ಗೆ ಹರಪನಹಳ್ಳಿ ಬೆಣ್ಣೆ ದೋಸೆಯ ಫೋಟೋ ಹಾಕಿದ, ಅದಕ್ಕೂ ಯಾರೂ ಹೃದಯ ಒತ್ತಲಿಲ್ಲ. ರಾತ್ರಿ ಹನ್ನೊಂದೂ ಕಾಲಿಗೆ ಜಗಳೂರು ಟೀವಿ ಪರದೆಯ ಅಲುಗಾಡಿದ ಫೋಟೋ ಕಳಿಸಿದ. ಊರಿನ ದೊರೆ ವೈಕೌಂಟ್‌ನ ಸಭಾಂಗಣ. ನೆಲದ ಮೇಲೆ ಹೆಣಗಳು. ನಡುವೆ ತಲೆಗೆ ನೀಲಿ ವಸ್ತ್ರ ಕಟ್ಟಿದವಳು, ಕೈಯಲ್ಲಿ ಪುಸ್ತಕ.

ಜಗಳೂರು: ಬಂದಳು. ಈಗ ಅರಿಶೋಕ್ ಪುಸ್ತಕದ ಜೊತೆ ಅವಳನ್ನೂ ಕೊಡು ಅನ್ನುತ್ತಿದ್ದಾನೆ. ಆಟ ನಿಲ್ಲಿಸಿ ನೀರು ಕುಡಿಯಲು ಬಂದಿದ್ದೇನೆ.

ಹೊನ್ನಾಳಿ: ಕೊಡಬೇಡ.

ದುರ್ಗ: ಕೊಡಬೇಡ. ಒಂಟಿ ಕಾಳಗ ಮಾಡು. ಕಂಬದ ಸುತ್ತ ಓಡುತ್ತಾ ಇರು.

ಹರಿಹರ: ನಿಜವಾಗಿಯೂ ಬಂದಳಾ? ಇನ್ನೊಂದು ಫೋಟೋ ಹಾಕು.

ಇನ್ನೊಂದು ಹಾಕಿದ. ಹರಿಹರ ಹತ್ತು ನಿಮಿಷ ಬಿಟ್ಟು ಬಂದ.

ಹರಿಹರ: ದುರ್ಗ, ಆ ಡಿವಿಡಿ ಇದೆಯಾ? ಇನ್ನೊಂದು ಸಲ ಆಡಬೇಕು.

ದುರ್ಗ: ನಾಚಿಕೆ ಆಗಲ್ವಾ? ಕೊನೆಯ ಪರೀಕ್ಷೆ ಮುಗಿದ ದಿನ ನೀನೇ ತೆಗೆದುಕೊಂಡು ಹೋದೆ. ಚೀಟಿ ಕೂಡ ಬರೆದಿಡಲಿಲ್ಲ.

ಹರಿಹರ: ನಾನಾ?

ಶನಿವಾರ ಬೆಳಿಗ್ಗೆ ಹರಿಹರ ಅಟ್ಟದ ಟ್ರಂಕಿನಿಂದ ಕಳಿಸಿದ ಫೋಟೋ ಬಂತು. ಕವರ್ ಸರಿಯಾಗಿಯೇ ಇತ್ತು, ಡ್ರ್ಯಾಗನ್ ಏಜ್ 2 ಅಂತ. ತೆರೆದರೆ ಒಳಗೆ ಬಿಳಿ ಡಿಸ್ಕ್. ಅದರ ಮೇಲೆ ಮಾರ್ಕರ್‌ನಲ್ಲಿ 'ಅಕ್ಕನ ಮದುವೆ, ಭಾಗ 2'.

ಹೊನ್ನಾಳಿ: ಹಾಗಾದರೆ ಆಟ?

ಹರಿಹರ: ಮದುವೆ ಡಿವಿಡಿ ಆಗಲೇ ಭಾವನ ಮನೆಗೆ, ರಾಣೆಬೆನ್ನೂರಿಗೆ ಕೊಟ್ಟಿದ್ದೆವು. ಅವರು ಇವತ್ತಿನವರೆಗೂ ಏನೂ ಅಂದಿಲ್ಲ.